ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಎಂಜಿನ್‌ನಲ್ಲಿ ಟಕ್ ಟಕ್ ಸದ್ದು: ಟ್ಯಾಪೆಟ್ ಹೋಗಿದೆಯಾ?

ಕೊಪ್ಪದ ಹುಡುಗ | ಶನಿವಾರ, ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2012ರ ಡೀಸೆಲ್ ಕಾರಿದೆ. ನಾಲ್ಕು ಸಿಲಿಂಡರ್, 16 ವಾಲ್ವ್, ಟೈಮಿಂಗ್ ಚೈನ್ ಇರುವ ಎಂಜಿನ್. 1,34,000 ಕಿ.ಮೀ. ಓಡಿದೆ. ಕಂಪನಿ ಹೆಸರು ಬೇಡ, ಕಾರಿನ ಮೇಲೆ ನನಗೆ ಏನೂ ಬೇಜಾರಿಲ್ಲ.

ಡಿಸೆಂಬರ್ ಚಳಿ ಶುರುವಾದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಮೇಲ್ಭಾಗದಿಂದ ಟಕ್ ಟಕ್ ಟಕ್ ಅಂತ ಸದ್ದು ಬರುತ್ತದೆ. ಹೊಲಿಗೆ ಮಿಷನ್ ಜೋರಾಗಿ ತುಳಿದ ಹಾಗೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ನಿಲ್ಲುತ್ತದೆ. ಮಧ್ಯಾಹ್ನ ಪೇಟೆಯಿಂದ ವಾಪಸ್ ಹೊರಡುವಾಗ ಸದ್ದೇ ಇಲ್ಲ. ಕೆಲವು ದಿನ ಬೆಳಿಗ್ಗೆಯೂ ಅಷ್ಟಾಗಿ ಇರಲ್ಲ.

ಗ್ಯಾರೇಜಿನಲ್ಲಿ ತೋರಿಸಿದೆ. "ಹೈಡ್ರಾಲಿಕ್ ಟ್ಯಾಪೆಟ್ ಹೋಗಿದೆ, ಎಂಜಿನ್ ಮೇಲಿನ ಹೆಡ್ ಬಿಚ್ಚಿ 16 ಟ್ಯಾಪೆಟ್ ಕೂಡ ಬದಲಾಯಿಸಬೇಕು" ಅಂದರು. ಅಂದಾಜು 38 ಸಾವಿರ. ಅಡಿಕೆ ಕೊಯ್ಲಿನ ಸಮಯ, ವಾರಗಟ್ಟಲೆ ಕಾರು ಬಿಟ್ಟಿರುವುದಕ್ಕೂ ಆಗಲ್ಲ. ನಿಜವಾಗಿ ಅಷ್ಟು ಕೆಲಸ ಬೇಕಾ? ಹೀಗೇ ಓಡಿಸಿದರೆ ಎಂಜಿನ್ ಹಾಳಾಗುತ್ತಾ? ತಿಳಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಗ್ಯಾರೇಜ್ | ಶನಿವಾರ, ಬೆಳಿಗ್ಗೆ 9:25

ತಮ್ಮಾ, ಹೆಡ್ ಬಿಚ್ಚುವ ಮಾತು ಕೊನೆಗೆ. ಮೊದಲು ಮೂರು ವಿಷಯ ಹೇಳು.

ಸದ್ದು ಎಷ್ಟು ಸೆಕೆಂಡ್ ಇರುತ್ತದೆ? "ಸ್ವಲ್ಪ ಹೊತ್ತು" ಅಂದರೆ ಸಾಲದು. ಫೋನ್ ಬಾನೆಟ್ ಮೇಲಿಟ್ಟು ರೆಕಾರ್ಡ್ ಮಾಡು. ಎರಡನೆಯದು, ಎಂಜಿನ್ ಹಿಡಿದ ಮೇಲೆ ಡ್ಯಾಶ್‌ಬೋರ್ಡ್‌ನ ಕೆಂಪು ಆಯಿಲ್ ಲೈಟ್ ಎಷ್ಟು ಹೊತ್ತಿಗೆ ಆರುತ್ತದೆ? ಮೂರನೆಯದು, ಹಿಂದಿನ ಸರ್ವಿಸ್‌ನಲ್ಲಿ ಯಾವ ಆಯಿಲ್, ಯಾವ ಫಿಲ್ಟರ್ ಹಾಕಿದ್ದರು? ಬಿಲ್ ಇದ್ದರೆ ನೋಡು.

ಒಂದೇ ದಿನ ನೋಡಿ ಹೇಳಬೇಡ. ಮೂರು ದಿನ ಬೆಳಿಗ್ಗೆ ಇದೇ ಲೆಕ್ಕ ಬರೆದಿಡು. 22 ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಚಳಿ ಸದ್ದಿಗೆ ಹೆಡ್ ಬಿಚ್ಚಿ, ಅದೇ ಸದ್ದು ಇಟ್ಟುಕೊಂಡು ನನ್ನ ಹತ್ತಿರ ಬಂದ ಗಾಡಿಗಳು ಒಂದೆರಡಲ್ಲ. ಸದ್ದು ಯಾವಾಗ ಶುರುವಾಗಿ ಯಾವಾಗ ನಿಲ್ಲುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಹಳೇ ಬುಲೆಟ್ | ಶನಿವಾರ, ಬೆಳಿಗ್ಗೆ 10:02

ಟ್ಯಾಪೆಟ್ ಅಂದರೆ ಏನು ಅಂತಲೇ ಗೊತ್ತಿಲ್ಲದವರು ಈ ಚರ್ಚೆ ಓದುತ್ತಿರಬಹುದು. ನನಗೆ ಅದು ಅರ್ಥವಾದದ್ದು ನಮ್ಮ ಮಾವನ ಬೀಡು ಕಬ್ಬಿಣದ ಎಂಜಿನ್ ಬುಲೆಟ್‌ನಿಂದ. ಅದನ್ನೇ ಹೇಳುತ್ತೇನೆ. ವಾಲ್ವ್ ಅಂದರೆ ಸಿಲಿಂಡರ್ ಒಳಗೆ ಗಾಳಿ ಬಿಡುವ (ಇನ್ಲೆಟ್), ಹೊಗೆ ಹೊರಗೆ ಕಳಿಸುವ (ಎಗ್ಸಾಸ್ಟ್) ಬಾಗಿಲು. ತಿರುಗುವ ಕ್ಯಾಮ್ ಶಾಫ್ಟ್‌ನ ಉಬ್ಬು, ಅಂದರೆ ಕ್ಯಾಮ್, ಒತ್ತಿದ್ದನ್ನು ಆ ವಾಲ್ವಿಗೆ ದಾಟಿಸುವ ಭಾಗವೇ ಟ್ಯಾಪೆಟ್.

ಭಾನುವಾರ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಮಾವ ಎಂಜಿನ್‌ನ ಬಲಗಡೆ ಇರುವ ಚಿಕ್ಕ ಟ್ಯಾಪೆಟ್ ಕವರ್ ಬಿಚ್ಚುತ್ತಿದ್ದರು. ಒಳಗೆ ಎರಡು ಪುಷ್ ರಾಡ್. ಒಂದು ಇನ್ಲೆಟ್ ವಾಲ್ವಿಗೆ, ಇನ್ನೊಂದು ಎಗ್ಸಾಸ್ಟ್ ವಾಲ್ವಿಗೆ. ಕಿಕ್ಕರ್ ಅನ್ನು ಮೆಲ್ಲಗೆ ಒತ್ತಿ ಪಿಸ್ಟನ್ ಕಂಪ್ರೆಷನ್‌ನಲ್ಲಿ ಮೇಲೆ ಬರುವ ಹಾಗೆ ನಿಲ್ಲಿಸುವುದು. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ. ಆಮೇಲೆ ಎರಡು ಬೆರಳಲ್ಲಿ ರಾಡ್ ಹಿಡಿದು ತಿರುಗಿಸುವುದು. ರಾಡ್ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲುಗಬಾರದು. ಅಲುಗಿದರೆ ಲೂಸ್, ತಿರುಗದಿದ್ದರೆ ಟೈಟ್. ಲೂಸಾದರೆ ಕೆಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಕೂದಲೆಳೆಯಷ್ಟು ಏರಿಸಿ, ಲಾಕ್ ನಟ್ ಬಿಗಿದು, ಮತ್ತೆ ಬೆರಳಲ್ಲಿ ತಿರುಗಿಸಿ ನೋಡುವುದು. ಲಾಕ್ ನಟ್ ಬಿಗಿಯುವಾಗಲೇ ಅಳತೆ ತಪ್ಪುತ್ತಿತ್ತು. ನಾಲ್ಕು ಸಲವಾದರೂ ಮಾಡಬೇಕಿತ್ತು. ನನಗೆ ಹತ್ತು ವರ್ಷ ಇದ್ದಾಗ "ನೀನು ತಿರುಗಿಸಿ ನೋಡು" ಅಂತ ಕೊಟ್ಟಿದ್ದರು. ಆ ಬೆರಳಿನ ನೆನಪು ಇನ್ನೂ ಇದೆ.

ಅಷ್ಟೆಲ್ಲಾ ಯಾಕೆ ಅಂದರೆ, ಲೋಹ ಬಿಸಿಯಾದರೆ ಉದ್ದವಾಗುತ್ತದೆ. 100 ಮಿ.ಮೀ. ಉದ್ದದ ಉಕ್ಕಿನ ವಾಲ್ವ್ 400 ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ ಅರ್ಧ ಮಿ.ಮೀ. ಬೆಳೆಯುತ್ತದೆ. ಆ ಬುಲೆಟ್‌ನಲ್ಲಿ ರಾಡ್ ತಿರುಗುವಷ್ಟು ಸಡಿಲ ಇದ್ದರೆ ಸಾಕು, ಕೈಯಲ್ಲಿ ಸೆಟ್ ಮಾಡುವ ಬೇರೆ ಹೆಚ್ಚಿನ ಎಂಜಿನ್‌ಗಳಲ್ಲಿ ಅದಕ್ಕೇ ತಣ್ಣಗಿರುವಾಗ ಸ್ವಲ್ಪ ಗ್ಯಾಪ್ ಬಿಡುತ್ತಾರೆ. ಎಗ್ಸಾಸ್ಟ್ ಜಾಸ್ತಿ ಕಾಯುವುದರಿಂದ ಸಾಮಾನ್ಯವಾಗಿ ಅದಕ್ಕೆ ಇನ್ಲೆಟ್‌ಗಿಂತ ಜಾಸ್ತಿ ಗ್ಯಾಪ್. ಆ ಗ್ಯಾಪ್‌ನಲ್ಲಿ ಲೋಹಕ್ಕೆ ಲೋಹ ಬಡಿಯುವುದೇ ಟ್ಯಾಪೆಟ್ ಸೌಂಡ್.

ಹುಬ್ಬಳ್ಳಿ ಗ್ಯಾರೇಜ್ | ಶನಿವಾರ, ಬೆಳಿಗ್ಗೆ 11:40

ಚೆನ್ನಾಗಿ ಹೇಳಿದಿರಿ ಸರ್. ಅಲ್ಲಿಂದಲೇ ಮುಂದುವರಿಸುತ್ತೇನೆ. ಕೊಪ್ಪದ ತಮ್ಮನ ಕಾರಿನಲ್ಲಿ ಆ ಗ್ಯಾಪ್ ಸೆಟ್ ಮಾಡುವ ಕೆಲಸ ಯಾರೂ ಮಾಡಬೇಕಿಲ್ಲ. ಆಯಿಲ್ಲೇ ಮಾಡುತ್ತದೆ.

ಹೈಡ್ರಾಲಿಕ್ ಟ್ಯಾಪೆಟ್ ಅಂದರೆ ಹೆಬ್ಬೆರಳಿನಷ್ಟು ದೊಡ್ಡ ಉಕ್ಕಿನ ಲೋಟ. ಅದರೊಳಗೆ ಒಂದು ಪ್ಲಂಜರ್. ಪ್ಲಂಜರ್ ಕೆಳಗೆ ಸ್ಪ್ರಿಂಗ್. ಪ್ಲಂಜರ್ ತಳದಲ್ಲಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಗುಂಡು, ಅದು ಆಯಿಲ್‌ಗೆ ಬಾಗಿಲು. ವಾಲ್ವ್ ಮುಚ್ಚಿದಾಗ ಸ್ಪ್ರಿಂಗ್ ಪ್ಲಂಜರ್ ಅನ್ನು ಮೇಲೆ ತಳ್ಳಿ ಗ್ಯಾಪ್ ಮುಚ್ಚುತ್ತದೆ. ಆ ಜಾಗಕ್ಕೆ ಗುಂಡನ್ನು ಸರಿಸಿಕೊಂಡು ಆಯಿಲ್ ನುಗ್ಗುತ್ತದೆ. ಕ್ಯಾಮ್ ಒತ್ತಿದ ಕೂಡಲೇ ಗುಂಡು ಬಾಗಿಲು ಮುಚ್ಚುತ್ತದೆ. ಒಳಗಿನ ಆಯಿಲ್ ಹೊರಗೆ ಹೋಗಲಾರದು, ಕುಗ್ಗಲೂ ಆರದು. ಟ್ಯಾಪೆಟ್ ಕಲ್ಲಿನ ಹಾಗೆ ಗಟ್ಟಿ ನಿಂತು ವಾಲ್ವ್ ತೆರೆಯುತ್ತದೆ. ಪ್ರತಿ ಸಲವೂ ಪ್ಲಂಜರ್ ಮತ್ತು ಲೋಟದ ಸಂದಿನಿಂದ ಒಂದು ಚೂರು ಆಯಿಲ್ ಸೋರುತ್ತದೆ. ವಾಲ್ವ್ ಮುಚ್ಚಿದಾಗ ಅಷ್ಟೇ ಆಯಿಲ್ ಮತ್ತೆ ತುಂಬುತ್ತದೆ. ಆ ಸಂದು ಕೆಲವೇ ಮೈಕ್ರಾನ್. ತಲೆಕೂದಲಿನ ದಪ್ಪದ ಹತ್ತನೇ ಒಂದು ಭಾಗವೂ ಇಲ್ಲದಷ್ಟು.

ನನ್ನ ಹುಡುಗರಿಗೆ ಕಲಿಸುವಾಗ ಎರಡು ಟ್ಯಾಪೆಟ್ ಕೈಗೆ ಕೊಡುತ್ತೇನೆ. ಒಂದು ಆಯಿಲ್ ತುಂಬಿದ್ದು, ಒಂದು ಖಾಲಿ. ಖಾಲಿಯದನ್ನು ಹೆಬ್ಬೆರಳಲ್ಲಿ ಒತ್ತಿದರೆ ಬಾಲ್ ಪೆನ್ ಒತ್ತಿದ ಹಾಗೆ ಪುಟಿಯುತ್ತದೆ. ತುಂಬಿದ್ದನ್ನು ಎಷ್ಟು ಒತ್ತಿದರೂ ಅಲುಗಲ್ಲ. ಬೆಳಿಗ್ಗೆ ಬರುವ ಟಕ್ ಟಕ್ ಸದ್ದು ಆ ಬಾಲ್ ಪೆನ್ನಿನದು. ಒಳಗೆ ಆಯಿಲ್ ಇಲ್ಲ, ಅಥವಾ ಗಾಳಿ ಸೇರಿದೆ.

ಕೆಂಗೇರಿ ಕ್ಯಾಬ್ | ಶನಿವಾರ, ಮಧ್ಯಾಹ್ನ 2:15

ಸುಮ್ನೆ ದಪ್ಪ ಆಯಿಲ್ ಹಾಕಿ ಗುರು. 20ಡಬ್ಲ್ಯು-50 ಹಾಕಿದರೆ ಸದ್ದು ನಿಲ್ಲುತ್ತದೆ. ನಮ್ಮ ಸ್ಟ್ಯಾಂಡಿನಲ್ಲಿ ಎಲ್ಲರೂ ಅದನ್ನೇ ಮಾಡುವುದು. ಅದಕ್ಕೂ ಮೊದಲು ಅರ್ಧ ಲೀಟರ್ ಡೀಸೆಲ್ ಹಾಕಿ ಹತ್ತು ನಿಮಿಷ ಸ್ಟಾರ್ಟ್‌ನಲ್ಲಿಟ್ಟು ಫ್ಲಷ್ ಮಾಡಿದರೆ ಒಳಗಿನ ಕೊಳೆಯೆಲ್ಲಾ ಬರುತ್ತದೆ.

ಆಯಿಲ್ ಲೆಕ್ಕ | ಶನಿವಾರ, ಸಂಜೆ 5:30

ನಾನು ಲೂಬ್ರಿಕೆಂಟ್ ಟೆಸ್ಟ್ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕೆಂಗೇರಿ ಅಣ್ಣ, ನಿಮ್ಮ ಅನುಭವ ಸುಳ್ಳು ಅನ್ನಲ್ಲ. ಸವೆದ ಬೇರಿಂಗ್ ಇರುವ ಹಳೇ ಎಂಜಿನ್‌ನಲ್ಲಿ ದಪ್ಪ ಆಯಿಲ್ ಬಿಸಿಯಾದ ಮೇಲೂ ಪ್ರೆಷರ್ ಹಿಡಿದಿಡುತ್ತದೆ. ಸದ್ದು ಕಮ್ಮಿಯಾದ ಹಾಗೆ ಕೇಳುತ್ತದೆ. ಆದರೆ ಇಲ್ಲಿ ಕೇಳಿರುವುದು ತಣ್ಣಗಿರುವಾಗ ಬರುವ ಸದ್ದು. ಅದಕ್ಕೆ ಈ ಮದ್ದು ತಿರುಗುಬಾಣ.

ಡಬ್ಬಿ ಮೇಲಿನ ಡಬ್ಲ್ಯು ಅಂದರೆ ವಿಂಟರ್. ಎಸ್‌ಎಇ ಜೆ300 ಅನ್ನುವ ಮಾನದಂಡ ಇದೆ. ಅದರಲ್ಲಿ 5ಡಬ್ಲ್ಯು ಅನ್ನಿಸಿಕೊಳ್ಳುವ ಆಯಿಲ್ ಮೈನಸ್ 30 ಡಿಗ್ರಿಯಲ್ಲಿ ಎಂಜಿನ್ ತಿರುಗಲು ಬಿಡಬೇಕು, ಮೈನಸ್ 35ರಲ್ಲಿ ಪಂಪಿಗೆ ಸಿಗಬೇಕು. 20ಡಬ್ಲ್ಯುಗೆ ಈ ಪರೀಕ್ಷೆ ಮೈನಸ್ 15 ಮತ್ತು ಮೈನಸ್ 20ರಲ್ಲಿ. ಡಬ್ಲ್ಯು ಆದ ಮೇಲೆ ಬರುವ ಸಂಖ್ಯೆ 100 ಡಿಗ್ರಿ ಬಿಸಿಯಲ್ಲಿರುವ ದಪ್ಪಕ್ಕೆ. 30 ಅಂದರೆ 9.3ರಿಂದ 12.5 ಸೆಂಟಿಸ್ಟೋಕ್ (ದಪ್ಪ ಅಳೆಯುವ ಮಾನ) ಒಳಗೆ. 50 ಅಂದರೆ 16.3ರಿಂದ 21.9 ಒಳಗೆ.

ಕರ್ನಾಟಕದಲ್ಲಿ ಮೈನಸ್ ಎಲ್ಲಿದೆ, ನಮಗೇಕೆ ಈ ಡಬ್ಲ್ಯು ಅಂತ ತುಂಬಾ ಜನ ಕೇಳುತ್ತಾರೆ. ಪರೀಕ್ಷೆ ಮೈನಸ್‌ನಲ್ಲಿ ನಡೆದರೂ ವ್ಯತ್ಯಾಸ ನಮ್ಮ ಚಳಿಯಲ್ಲೂ ಕಾಣುತ್ತದೆ. 40 ಡಿಗ್ರಿಯಲ್ಲೇ ಸಾಮಾನ್ಯ 5ಡಬ್ಲ್ಯು-30 ಆಯಿಲ್ 60–70 ಸೆಂಟಿಸ್ಟೋಕ್ ಇದ್ದರೆ, 20ಡಬ್ಲ್ಯು-50 ಸುಮಾರು 160–180 ಇರುತ್ತದೆ. ಮಲೆನಾಡಿನ ಬೆಳಗಿನ 12–13 ಡಿಗ್ರಿಯಲ್ಲಿ ಆ ಅಂತರ ಇನ್ನೂ ಜಾಸ್ತಿ. ಚಳಿಗಾಲದ ಜೇನುತುಪ್ಪವನ್ನು ಸೂಜಿ ಕಣ್ಣಿನಲ್ಲಿ ಹಾಯಿಸಿದ ಹಾಗೆ. ಟ್ಯಾಪೆಟ್‌ಗೆ ಆಯಿಲ್ ಬರುವ ತೂತು ಅಷ್ಟೇ ಚಿಕ್ಕದು. ದಪ್ಪ ಆಯಿಲ್ ಅಲ್ಲಿಗೆ ತಡವಾಗಿ ತಲುಪುತ್ತದೆ, ಅಷ್ಟು ಹೊತ್ತು ಲೋಹಕ್ಕೆ ಲೋಹ ಬಡಿಯುತ್ತದೆ.

20ಡಬ್ಲ್ಯು-50 ಕೆಟ್ಟ ಆಯಿಲ್ ಅಲ್ಲ. ಅದಕ್ಕೆ ಅಂತ ಕಟ್ಟಿದ ಹಳೇ ಎಂಜಿನ್‌ಗೆ ಅದೇ ಸರಿ. ನಿಮ್ಮ ಕಾರಿನ ಮ್ಯಾನುಯಲ್ ಏನು ಹೇಳುತ್ತದೋ ಅದನ್ನೇ ಹಾಕಿ.

ಹುಬ್ಬಳ್ಳಿ ಗ್ಯಾರೇಜ್ | ಶನಿವಾರ, ರಾತ್ರಿ 8:05

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಡೀಸೆಲ್ ಫ್ಲಷ್ ಬಗ್ಗೆ ನಾನು ಹೇಳುತ್ತೇನೆ, ದಯವಿಟ್ಟು ಯಾರೂ ಮಾಡಬೇಡಿ. ಆಯಿಲ್ ಜಾಗದಲ್ಲಿ ಡೀಸೆಲ್ ಸೇರಿದರೆ ಬೇರಿಂಗ್‌ಗೆ ರಕ್ಷಣೆ ಇರಲ್ಲ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಗೋಡೆಗೆ ಅಂಟಿ ಸುಮ್ಮನಿದ್ದ ಕೊಳೆ ಚಕ್ಕೆಯಾಗಿ ಎದ್ದು ಸಂಪ್‌ನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಜಾಲರಿಗೆ ಕೂರುತ್ತದೆ. ಪಂಪ್ ಆಯಿಲ್ ಎಳೆಯಲಾಗದೆ ಒದ್ದಾಡುತ್ತದೆ. ಟಕ್ ಟಕ್ ಅಂತ ಬಂದ ಗಾಡಿ ಸೀಜ್ ಆಗಿ ಹೋದದ್ದನ್ನು ನೋಡಿದ್ದೇನೆ. ಕೊಳೆ ಇದ್ದರೆ ಒಳ್ಳೆ ಆಯಿಲ್ ಹಾಕಿ 2,000 ಕಿ.ಮೀ.ಗೇ ಇನ್ನೊಮ್ಮೆ ಬದಲಾಯಿಸಿ. ಆಯಿಲ್ ನಿಧಾನವಾಗಿ ತೊಳೆದುಕೊಂಡು ಬರುತ್ತದೆ.

ಕೆಂಗೇರಿ ಕ್ಯಾಬ್ | ಶನಿವಾರ, ರಾತ್ರಿ 9:20

ಸರಿ ಅಣ್ಣ, ಗೊತ್ತಿರಲಿಲ್ಲ. ನಾಳೆ ಸ್ಟ್ಯಾಂಡಿನಲ್ಲೂ ಹೇಳುತ್ತೇನೆ. ನಮ್ಮ ಹುಡುಗರು ಎಲ್ಲಾ ಗಾಡಿಗೂ ಅದನ್ನೇ ಮಾಡುತ್ತಿದ್ದಾರೆ.

ಕ್ಯಾಲ್ಗರಿ ಕನ್ನಡಿಗ | ಭಾನುವಾರ, ಬೆಳಿಗ್ಗೆ 7:45

ಕೆನಡಾದಿಂದ ಬರೆಯುತ್ತಿದ್ದೇನೆ. ಇವತ್ತು ಇಲ್ಲಿ ಮೈನಸ್ 26. ನಾವು ಹಾಕುವುದು 0ಡಬ್ಲ್ಯು-20. ಕಾರಿನ ಮುಂದಿನ ಜಾಲರಿಯಿಂದ ಒಂದು ಪ್ಲಗ್ ನೇತಾಡುತ್ತಿರುತ್ತದೆ, ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್‌ದು. ರಾತ್ರಿ ಅದನ್ನು ಕರೆಂಟಿಗೆ ಹಾಕಿ ಮಲಗುತ್ತೇವೆ. ಊರಿಂದ ಬಂದ ಅಮ್ಮ ಮೊದಲ ಸಲ ಅದನ್ನು ನೋಡಿ "ಇದು ಕರೆಂಟ್ ಕಾರಾ?" ಅಂದಿದ್ದರು.

ಹೀಟರ್ ಹಾಕುವುದು ಮರೆತ ದಿನ ನಮ್ಮ ಕಾರೂ ಎರಡು ಮೂರು ಸೆಕೆಂಡ್ ಟಕ್ ಟಕ್ ಅನ್ನುತ್ತದೆ. ಆರು ವರ್ಷದಿಂದ ಹಾಗೇ ಇದೆ, ಎಂಜಿನ್ ಆರೋಗ್ಯವಾಗಿದೆ. ಇಲ್ಲಿನವರು ಹೇಳಿಕೊಟ್ಟದ್ದು ಇಷ್ಟು: ಸ್ಟಾರ್ಟ್ ಆದ ಕೂಡಲೇ ರೇಸ್ ಕೊಡಬಾರದು. ಅರ್ಧ ನಿಮಿಷ, ಒಂದು ನಿಮಿಷ ಬಿಟ್ಟು ಮೆಲ್ಲಗೆ ಹೊರಡಬೇಕು. ಸದ್ದು ಹೋಗಲಿ ಅಂತ ಆಕ್ಸಿಲರೇಟರ್ ತುಳಿದರೆ, ಆಯಿಲ್ ಬರುವ ಮೊದಲೇ ಲೋಹ ಜಾಸ್ತಿ ಬಡಿಯುತ್ತದೆ ಅಷ್ಟೇ.

ಕೊಪ್ಪದ ಹುಡುಗ | ಮಂಗಳವಾರ, ಬೆಳಿಗ್ಗೆ 8:30

ಅಣ್ಣ, ನೀವು ಹೇಳಿದ ಹಾಗೆ ಮೂರು ದಿನ ಬರೆದಿಟ್ಟಿದ್ದೇನೆ.

ಭಾನುವಾರ: ಆಯಿಲ್ ಲೈಟ್ ಆರಲು 4 ಸೆಕೆಂಡ್, ಸದ್ದು 14 ಸೆಕೆಂಡ್.
ಸೋಮವಾರ: ಲೈಟ್ 4, ಸದ್ದು 6.
ಇವತ್ತು: ಲೈಟ್ 5, ಸದ್ದು 15.

ನಿನ್ನೆ ಪೇಟೆಯಲ್ಲಿ ಮೂರು ಗಂಟೆ ನಿಲ್ಲಿಸಿ ಸ್ಟಾರ್ಟ್ ಮಾಡಿದಾಗ ಲೈಟ್ ಒಂದೇ ಸೆಕೆಂಡಿಗೆ ಆರಿತು, ಸದ್ದು ಇಲ್ಲ. ಬಿಲ್ ಹುಡುಕಿದೆ. ಆಗಸ್ಟ್‌ನಲ್ಲಿ 20ಡಬ್ಲ್ಯು-50 ಹಾಕಿದ್ದಾರೆ. ಮ್ಯಾನುಯಲ್‌ನಲ್ಲಿ ಇರುವುದು 5ಡಬ್ಲ್ಯು-30. ಫಿಲ್ಟರ್ ಅಂತ ಮಾತ್ರ ಬರೆದಿದೆ, ಯಾವುದು ಅಂತ ಇಲ್ಲ. ಕೆಳಗೆ ಬಗ್ಗಿ ನೋಡಿದರೆ ಡಬ್ಬಿ ಮೇಲೆ ಹೆಸರೇ ಇಲ್ಲ.

ಒಂದು ಅರ್ಥವಾಗುತ್ತಿಲ್ಲ. ಸೋಮವಾರ ಸದ್ದು ಯಾಕೆ ಅಷ್ಟು ಕಮ್ಮಿ? ಚಳಿ ಅಷ್ಟೇ ಇತ್ತು.

ಹುಬ್ಬಳ್ಳಿ ಗ್ಯಾರೇಜ್ | ಮಂಗಳವಾರ, ಮಧ್ಯಾಹ್ನ 1:10

ಒಳ್ಳೆ ಪ್ರಶ್ನೆ ತಮ್ಮಾ. ಎಂಜಿನ್ ಆಫ್ ಮಾಡಿದಾಗ ಕ್ಯಾಮ್ ಶಾಫ್ಟ್ ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಎಲ್ಲಿ ನಿಂತರೂ ಕೆಲವು ವಾಲ್ವ್ ತೆರೆದೇ ಇರುತ್ತವೆ. ಆ ವಾಲ್ವಿನ ಗಟ್ಟಿ ಸ್ಪ್ರಿಂಗ್ ರಾತ್ರಿಯಿಡೀ ಅದರ ಟ್ಯಾಪೆಟ್ ಅನ್ನು ಹಿಂಡುತ್ತದೆ. ಬೆಳಗಾಗುವಷ್ಟರಲ್ಲಿ ಒಳಗಿನ ಆಯಿಲ್ ಸೋರಿ ಹೋಗಿರುತ್ತದೆ. ಇವತ್ತು ಒಂದು ಟ್ಯಾಪೆಟ್, ನಾಳೆ ಇನ್ನೊಂದು. ಯಾವುದು ಸಿಕ್ಕಿಬೀಳುತ್ತದೆ ಅನ್ನುವುದರ ಮೇಲೆ ಸದ್ದು ಜಾಸ್ತಿ ಕಮ್ಮಿ. ಟ್ಯಾಪೆಟ್ ಕೆಟ್ಟೇ ಹೋಗಿದ್ದರೆ ಅದೇ ಜಾಗದಲ್ಲಿ ದಿನಾ ಒಂದೇ ಥರ ಬಡಿಯುತ್ತಿತ್ತು. ಬಿಸಿಯಾದ ಮೇಲೂ ಬಿಡುತ್ತಿರಲಿಲ್ಲ.

ನನಗೆ ಮುಖ್ಯ ಅನಿಸಿದ್ದು ಆಯಿಲ್ ಲೈಟ್. ಸದ್ದು ಏರಿಳಿದರೂ ಲೈಟ್ ದಿನಾ 4–5 ಸೆಕೆಂಡ್ ಉರಿಯುತ್ತಿದೆ. ಮೂರು ಗಂಟೆ ನಿಂತರೆ ಒಂದು ಸೆಕೆಂಡ್, ರಾತ್ರಿಯಿಡೀ ನಿಂತರೆ ಐದು. ಅಂದರೆ ರಾತ್ರಿ ಫಿಲ್ಟರ್ ಮತ್ತು ಹೆಡ್ಡಿಗೆ ಹೋಗುವ ದಾರಿ ಖಾಲಿಯಾಗುತ್ತಿದೆ. ಬೆಳಿಗ್ಗೆ ಪಂಪ್ ಮೊದಲು ಖಾಲಿ ಫಿಲ್ಟರ್ ತುಂಬಬೇಕು, ಆಮೇಲೆ ಮೇಲಕ್ಕೆ ಕಳಿಸಬೇಕು. ಆಯಿಲ್ ದಪ್ಪ ಇದ್ದರೆ ಇನ್ನೂ ತಡ.

ಡಬ್ಬಿ ಫಿಲ್ಟರ್ ಒಳಗೆ ಒಂದು ರಬ್ಬರ್ ಬಿಲ್ಲೆ ಇರುತ್ತದೆ. ಒಳಗೆ ಹೋದ ಆಯಿಲ್ ವಾಪಸ್ ಸಂಪ್‌ಗೆ ಇಳಿಯದ ಹಾಗೆ ತಡೆಯುವುದು ಅದರ ಕೆಲಸ. ಹೆಸರಿಲ್ಲದ ಫಿಲ್ಟರ್‌ನಲ್ಲಿ ಆ ರಬ್ಬರ್ ಕೆಲವೇ ತಿಂಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ. ಕೆಲವದರಲ್ಲಿ ರಬ್ಬರೇ ಇರಲ್ಲ.

ಈಗ ಮಾಡಬೇಕಾದದ್ದು: ಮ್ಯಾನುಯಲ್ ಹೇಳಿದ ಆಯಿಲ್, ಕಂಪನಿ ಫಿಲ್ಟರ್. ಆಯಿಲ್ ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಬಾರದು. ಜಾಸ್ತಿ ಹಾಕಿದರೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಅಂದರೆ ಗಾಳಿ. ಗಾಳಿ ತುಂಬಿದ ಟ್ಯಾಪೆಟ್ ಸ್ಪಂಜಿನ ಹಾಗೆ. ತುಂಬಾ ಕಮ್ಮಿಯಾದರೂ ಪಂಪ್ ಗಾಳಿ ಎಳೆದು ಅದೇ ಗತಿ. ಹಳೇ ಫಿಲ್ಟರ್ ಎಸೆಯಬೇಡ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ಒಳಗೆ ನೋಡು.

ಹಳೇ ಬುಲೆಟ್ | ಮಂಗಳವಾರ, ಸಂಜೆ 6:20

ಇದೇ ಜಾಗದಲ್ಲಿ ಬುಲೆಟ್ ಹುಡುಗರಿಗೂ ಒಂದು ಮಾತು. 350, 500 ಸಿಸಿಯ ಯುಸಿಇ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಿನಲ್ಲಿರುವ) ಎಂಜಿನ್‌ಗಳಲ್ಲಿರುವುದೂ ಹೈಡ್ರಾಲಿಕ್ ಟ್ಯಾಪೆಟ್ಟೇ. ಕೆಳಗೆ ಕೇಸಿನಲ್ಲಿ ಕೂತು ಪುಷ್ ರಾಡ್ ಅನ್ನು ಎತ್ತುತ್ತವೆ. ಚಳಿಯಲ್ಲಿ ಒಂದೆರಡು ಸೆಕೆಂಡ್ ಸದ್ದು ಮಾಡಿದರೆ ಗಾಬರಿ ಬೇಡ. ಅದರಲ್ಲಿ ಸೆಟ್ ಮಾಡಲು ಸ್ಕ್ರೂ ಇಲ್ಲ, "ಟ್ಯಾಪೆಟ್ ಟೈಟ್ ಮಾಡಿಕೊಡಿ" ಅಂತ ಯಾರ ಹತ್ತಿರವೂ ಕೇಳಬೇಡಿ. 2020ರಲ್ಲಿ ಅದೇ ಕಂಪನಿಯ ಮೀಟಿಯರ್ ಬೈಕ್ ಜೊತೆ ಬಂದ 349 ಸಿಸಿ ಎಂಜಿನ್‌ನಲ್ಲಿ ಮತ್ತೆ ಕೈಯಲ್ಲಿ ಸೆಟ್ ಮಾಡುವ ಟ್ಯಾಪೆಟ್ ಬಂದಿದೆ. ನಿಮ್ಮದು ಯಾವ ಎಂಜಿನ್ ಅಂತ ಮೊದಲು ತಿಳಿದುಕೊಳ್ಳಿ.

ಆಟೋ ರಾಜಾಜಿನಗರ | ಮಂಗಳವಾರ, ರಾತ್ರಿ 10:15

ನಮ್ಮ ಎಲ್‌ಪಿಜಿ ಆಟೋದಲ್ಲಿ ಟ್ಯಾಪೆಟ್ ಸದ್ದೇ ಇಲ್ಲ. ತುಂಬಾ ಸ್ಮೂತ್. ಆದರೆ ಬೆಳಿಗ್ಗೆ ಸ್ಟಾರ್ಟ್ ಕಷ್ಟ, ಪಿಕಪ್ಪೂ ಇಲ್ಲ. ಟ್ಯಾಪೆಟ್‌ಗೂ ಇದಕ್ಕೂ ಸಂಬಂಧ ಇದೆಯಾ?

ಹುಬ್ಬಳ್ಳಿ ಗ್ಯಾರೇಜ್ | ಬುಧವಾರ, ಬೆಳಿಗ್ಗೆ 9:00

ಇದೆ ಅಣ್ಣ, ನೀವು ಕೇಳಿದ್ದು ತುಂಬಾ ಒಳ್ಳೆಯದಾಯಿತು. ನಿಮ್ಮದು ಸ್ಕ್ರೂ ಟ್ಯಾಪೆಟ್ ಆಗಿದ್ದರೆ ಇವತ್ತೇ ಚೆಕ್ ಮಾಡಿಸಿ. ಗ್ಯಾಸಿನಲ್ಲಿ ಓಡುವ ಎಂಜಿನ್‌ಗಳಲ್ಲಿ ವಾಲ್ವ್ ಮುಚ್ಚಿದಾಗ ಒರಗುವ ಸೀಟ್ ಬೇಗ ಸವೆದು ವಾಲ್ವ್ ಒಳಗೆ ಕೂರುತ್ತಾ ಹೋಗುತ್ತದೆ. ಗ್ಯಾಪ್ ಕಮ್ಮಿಯಾಗುತ್ತದೆ, ಸದ್ದೂ ಕಮ್ಮಿಯಾಗುತ್ತದೆ. ಕೊನೆಗೆ ಗ್ಯಾಪೇ ಇಲ್ಲದೆ ವಾಲ್ವ್ ಪೂರ್ತಿ ಮುಚ್ಚಲ್ಲ. ಎಗ್ಸಾಸ್ಟ್ ವಾಲ್ವ್ ತನ್ನ ಬಿಸಿಯಲ್ಲಿ ಹೆಚ್ಚಿನದನ್ನು ಸೀಟಿಗೆ ಒರಗಿದಾಗಲೇ ಇಳಿಸುವುದು. ಒರಗಲು ಆಗದಿದ್ದರೆ ಅಂಚು ಸುಟ್ಟು ಹೋಗುತ್ತದೆ. ಕಂಪ್ರೆಷನ್ ಹೋಗುತ್ತದೆ. ಸ್ಟಾರ್ಟ್ ಕಷ್ಟ, ಪಿಕಪ್ ಇಲ್ಲ ಅನ್ನುವುದು ಅದೇ ಇರಬಹುದು. ನನಗಂತೂ ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದಿಲ್ಲದ ಟೈಟ್ ಟ್ಯಾಪೆಟ್ ಬಗ್ಗೆಯೇ ಜಾಸ್ತಿ ಭಯ. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಬ್ಲೇಡುಗಳು) ಇಟ್ಟು ಸೆಟ್ ಮಾಡಿಸಲು ಅರ್ಧ ಗಂಟೆ ಸಾಕು.

ಕೊಪ್ಪದ ಹುಡುಗ | ಭಾನುವಾರ, ಬೆಳಿಗ್ಗೆ 8:50

ಆಯಿಲ್, ಫಿಲ್ಟರ್ ಎರಡೂ ಗುರುವಾರ ಬದಲಾಯಿಸಿದೆ. ನಾನೇ ಕಾರಿನ ಕೆಳಗೆ ಮಲಗಿ ಫಿಲ್ಟರ್ ಬಿಚ್ಚಿದೆ. ರಾತ್ರಿಯಿಡೀ ನಿಂತಿದ್ದ ಕಾರು. ಫಿಲ್ಟರ್ ತಿರುಗಿಸಿದಾಗ ಎರಡು ಚಮಚದಷ್ಟು ಆಯಿಲ್ ಮಾತ್ರ ಬಂತು. ಡಬ್ಬಿ ತೂಕವೇ ಇರಲಿಲ್ಲ.

ಕೊಯ್ದು ನೋಡಿದೆ. ಒಳಗೆ ಕಪ್ಪು ರಬ್ಬರ್ ಬಿಲ್ಲೆ ಇತ್ತು. ಬಗ್ಗಿಸಿದರೆ ಬಗ್ಗಲಿಲ್ಲ, ಒಣಗಿದ ಹಲಸಿನ ಎಲೆಯ ಹಾಗೆ ಮುರಿಯಿತು. ಒಂದು ಕಡೆ ಅಂಚು ಮೇಲೆದ್ದು ಹಾಗೇ ನಿಂತಿತ್ತು. ಹೊಸ ಫಿಲ್ಟರ್‌ನ ತೂತಿನಲ್ಲಿ ಬೆರಳು ಹಾಕಿ ಅದರ ಬಿಲ್ಲೆ ಒತ್ತಿ ನೋಡಿದೆ. ಮೆತ್ತಗಿದೆ, ಬಿಟ್ಟ ಕೂಡಲೇ ವಾಪಸ್ ಕೂರುತ್ತದೆ.

ಶುಕ್ರವಾರ ಬೆಳಿಗ್ಗೆ ಲೈಟ್ ಒಂದೂವರೆ ಸೆಕೆಂಡ್, ಸದ್ದು 3. ನಿನ್ನೆ ಲೈಟ್ 1, ಸದ್ದು 2. ಇವತ್ತು ಲೈಟ್ ಒಂದೇ ಸೆಕೆಂಡಿಗೆ ಆರಿತು. ಆದರೆ ಒಂದೇ ಒಂದು ಟಿಕ್ ಟಿಕ್ 20 ಸೆಕೆಂಡ್ ಇತ್ತು. ಇದೇನಣ್ಣ? ಮತ್ತೆ ಚೈನ್ ಬಗ್ಗೆಯೂ ಭಯ ಇದೆ. ಈ ಎಂಜಿನ್‌ಗೆ ಚೈನ್ ಸದ್ದು ಬರುತ್ತದೆ ಅಂತ ಯಾರೋ ಹೇಳಿದರು.

ಹುಬ್ಬಳ್ಳಿ ಗ್ಯಾರೇಜ್ | ಭಾನುವಾರ, ಮಧ್ಯಾಹ್ನ 12:30

ತುಂಬಾ ಖುಷಿಯಾಯಿತು ತಮ್ಮಾ. ಆ ಒಂದು ಟಿಕ್‌ಗೆ ಉದ್ದ ಸ್ಕ್ರೂಡ್ರೈವರ್ ತಗೋ. ತುದಿಯನ್ನು ಹೆಡ್ ಕವರ್ ಬೋಲ್ಟ್ ಮೇಲಿಡು, ಹಿಡಿಯನ್ನು ಕಿವಿಗೆ ಒತ್ತಿ ಹಿಡಿ. ಒಂದೊಂದೇ ಬೋಲ್ಟ್ ಮೇಲೆ ಸರಿಸುತ್ತಾ ಹೋಗು. ಫ್ಯಾನ್, ಬೆಲ್ಟ್ ಕಡೆ ಕೈ, ಅಂಗಿ ತೋಳು ಹೋಗದ ಹಾಗೆ ಹುಷಾರು. ಎಲ್ಲಿ ಜೋರು ಅಂತ ಗೊತ್ತಾಗುತ್ತದೆ.

ಫೋನ್ ರೆಕಾರ್ಡಿಂಗ್ ಅನ್ನು ನಿಧಾನವಾಗಿ ಓಡಿಸಿ ಎಣಿಸಿದರೂ ಸಹಾಯ. ಕ್ಯಾಮ್ ಶಾಫ್ಟ್ ಎಂಜಿನ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. ಐಡಲ್ 800 ಆರ್‌ಪಿಎಂ ಇದ್ದರೆ ಒಂದು ಟ್ಯಾಪೆಟ್ ನಿಮಿಷಕ್ಕೆ 400 ಸಲ ಬಡಿಯುತ್ತದೆ. ಸೆಕೆಂಡಿಗೆ ಆರೇಳು ಟಿಕ್.

ಕ್ಯಾಮ್ ಶಾಫ್ಟ್ ತಿರುಗಿಸುವ ಟೈಮಿಂಗ್ ಚೈನ್ ಸದ್ದು ಬೇರೆ. ಅದು ಟಿಕ್ ಅನ್ನಲ್ಲ. ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಜರ್ರ್ ಅನ್ನುತ್ತದೆ. ಹೆಡ್ ಮೇಲಿನಿಂದಲ್ಲ, ಚೈನ್ ಕವರ್ ಇರುವ ಕಡೆಯಿಂದ ಬರುತ್ತದೆ. ಚೈನ್ ಬಿಗಿಹಿಡಿಯುವ ಟೆನ್ಷನರ್ ಕೂಡ ಆಯಿಲ್ ಪ್ರೆಷರ್ ಮೇಲೇ ಕೆಲಸ ಮಾಡುವುದರಿಂದ ಅದೂ ಬೆಳಿಗ್ಗೆಯೇ ಕೇಳುತ್ತದೆ. ಜನ ಎರಡನ್ನೂ ಕಲಸಿಕೊಳ್ಳುವುದು ಅಲ್ಲೇ. ಟ್ಯಾಪೆಟ್ ಆದರೆ ಕಾಯಬಹುದು. ಚೈನ್ ಜರ್ರ್ ಅನ್ನುವುದು ದಿನಾ ಬಂದರೆ ಕಾಯಬಾರದು. ಚೈನ್ ಹಲ್ಲು ಹಾರಿದರೆ ವಾಲ್ವಿಗೆ ಪಿಸ್ಟನ್ ಬಡಿದು ಎಂಜಿನ್ ಹೋಗುತ್ತದೆ.

ಇನ್ನೊಂದು ಮೋಸದ ಸದ್ದು ಎಗ್ಸಾಸ್ಟ್ ಮ್ಯಾನಿಫೋಲ್ಡ್ (ಹೆಡ್‌ನಿಂದ ಹೊಗೆ ಹೊರಗೆ ಒಯ್ಯುವ ಪೈಪ್) ಲೀಕ್. ಥೇಟ್ ಟ್ಯಾಪೆಟ್ ಹಾಗೇ. ಬಿಸಿಯಾಗಿ ಲೋಹ ಹಿಗ್ಗಿದರೆ ಸಂದು ಮುಚ್ಚಿ ಅದೂ ನಿಲ್ಲುತ್ತದೆ. ಗ್ಯಾಸ್ಕೆಟ್ ಅಂಚಿನಲ್ಲಿ ಮಸಿ ಕಂಡರೆ ಅದೇ. ಕೆಳಗಿನಿಂದ ಭಾರವಾಗಿ ಡುಬ್ ಡುಬ್ ಅಂತ ಬಂದು, ಲೋಡ್ ಬಿದ್ದಾಗ ಜಾಸ್ತಿಯಾಗುತ್ತಿದ್ದರೆ ಮಾತ್ರ ಎಂಜಿನ್ ಆಫ್ ಮಾಡಿ ಗಾಡಿ ಎಳೆಸಿಕೊಂಡು ಹೋಗಬೇಕು.

ಕಾರು ದಿನಾ ಎಷ್ಟು ದೂರ ಓಡುತ್ತದೆ?

ಕೊಪ್ಪದ ಹುಡುಗ | ಭಾನುವಾರ, ಮಧ್ಯಾಹ್ನ 1:05

ಮನೆಯಿಂದ ಪೇಟೆಗೆ 4 ಕಿ.ಮೀ. ಹೋಗಿ ಬರುವುದು ಅಷ್ಟೇ. ದೂರ ಹೋಗುವುದು ತಿಂಗಳಿಗೊಮ್ಮೆ.

ಆಯಿಲ್ ಲೆಕ್ಕ | ಭಾನುವಾರ, ಮಧ್ಯಾಹ್ನ 3:40

ಆ 4 ಕಿ.ಮೀ. ಓಟದಲ್ಲಿ ಆಯಿಲ್ ಸರಿಯಾಗಿ ಬಿಸಿಯೇ ಆಗಲ್ಲ. ಉರಿದ ಡೀಸೆಲ್‌ನಿಂದ ಬರುವ ನೀರಿನ ಹಬೆ ಒಳಗೇ ತಣಿದು ಆಯಿಲ್‌ಗೆ ಸೇರುತ್ತದೆ. ಮಸಿಯ ಜೊತೆ ಕೂಡಿ ಕೊಳೆಯಾಗುತ್ತದೆ. ಮಲೆನಾಡಿನ ತೇವದ ಹವೆಯಲ್ಲಿ ಅದು ಆರಿ ಹೋಗುವುದೂ ಕಷ್ಟ. ವಾರಕ್ಕೊಮ್ಮೆಯಾದರೂ ಮುಕ್ಕಾಲು ಗಂಟೆ, ಒಂದು ಗಂಟೆ ನಿಲ್ಲಿಸದೆ ಓಡಿಸಿ. ಕಿ.ಮೀ. ಆಗಿಲ್ಲ ಅಂತ ಕಾಯದೆ ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ. ಡೀಸೆಲ್ ಕಾರಿನ ಆಯಿಲ್ ಬೇಗ ಕಪ್ಪಾಗುವುದು ಸಹಜ, ಆ ಬಣ್ಣ ನೋಡಿ ಹೆದರಬೇಡಿ.

ಹುಬ್ಬಳ್ಳಿ ಗ್ಯಾರೇಜ್ | ಭಾನುವಾರ, ಸಂಜೆ 4:15

ಮೇಡಂ ಹೇಳಿದ ಹಾಗೆ ಮಾಡು. ಒಂದು ಟ್ಯಾಪೆಟ್‌ನ ಗುಂಡಿನ ಕೆಳಗೆ ಕೊಳೆ ಕೂತಿರಬೇಕು. 2,000 ಕಿ.ಮೀ.ಗೆ ಇನ್ನೊಂದು ಆಯಿಲ್ ಚೇಂಜ್ ಆಗುವ ತನಕ ಹೆಡ್ ಕಡೆ ಯಾರನ್ನೂ ಕೈ ಹಾಕಲು ಬಿಡಬೇಡ. ಆಮೇಲೂ ಅದೇ ಜಾಗದಲ್ಲಿ ಉಳಿದರೆ ಮೊದಲು ಗೇಜ್ ಹಾಕಿ ಆಯಿಲ್ ಪ್ರೆಷರ್ ನೋಡಿಸು. ಪ್ರೆಷರ್ ಸರಿ ಇದ್ದರೆ ಟ್ಯಾಪೆಟ್ ಬದಲಾಯಿಸುವ ಮಾತು.

ಆಟೋ ರಾಜಾಜಿನಗರ | ಬುಧವಾರ, ರಾತ್ರಿ 9:50

ಹುಬ್ಬಳ್ಳಿ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ಚೆಕ್ ಮಾಡಿಸಿದೆ. ಎಗ್ಸಾಸ್ಟ್‌ನಲ್ಲಿ ಗ್ಯಾಪೇ ಇರಲಿಲ್ಲ, ಅತಿ ತೆಳು ಬ್ಲೇಡೂ ಹೋಗಲಿಲ್ಲ. ಸೆಟ್ ಮಾಡಿದ ಮೇಲೆ ಸ್ವಲ್ಪ ಟಕ ಟಕ ಅನ್ನುತ್ತದೆ, ಆದರೆ ಒಂದೇ ಸಲಕ್ಕೆ ಸ್ಟಾರ್ಟ್. ವಾಲ್ವ್ ಇನ್ನೂ ಸುಟ್ಟಿಲ್ಲ ಅಂದರು.

ಕೊಪ್ಪದ ಹುಡುಗ | ಎರಡು ತಿಂಗಳ ನಂತರ, ಬೆಳಿಗ್ಗೆ 7:20

ಹೇಳಿದ ಹಾಗೆ ಎಲ್ಲಾ ಮಾಡಿದೆ. ಸ್ಕ್ರೂಡ್ರೈವರ್ ಇಟ್ಟು ನೋಡಿದಾಗ ಆ ಟಿಕ್ ಮೂರನೇ ಸಿಲಿಂಡರ್ ಹತ್ತಿರ ಸಿಕ್ಕಿತ್ತು. ಚೈನ್ ಕಡೆ ಏನೂ ಇಲ್ಲ. ವಾರಕ್ಕೊಮ್ಮೆ ತೀರ್ಥಹಳ್ಳಿ ದಾಟಿ ಶಿವಮೊಗ್ಗದ ತನಕ ಓಡಿಸಿದೆ. ಅಡಿಕೆ ಮಂಡಿ ಕೆಲಸವೂ ಇತ್ತು, ಅನುಕೂಲವೇ ಆಯಿತು. 900 ಕಿ.ಮೀ. ಆಗುವಾಗ ಟಿಕ್ ಎರಡು ದಿನಕ್ಕೊಮ್ಮೆ ಬರುತ್ತಿತ್ತು. 2,000ಕ್ಕೆ ಆಯಿಲ್, ಫಿಲ್ಟರ್ ಇನ್ನೊಮ್ಮೆ ಬದಲಾಯಿಸಿದೆ. ಆಮೇಲೆ ಮೂರು ವಾರದಿಂದ ಒಂದು ದಿನವೂ ಬಂದಿಲ್ಲ.

ಎರಡು ಸಲದ ಆಯಿಲ್, ಫಿಲ್ಟರ್ ಸೇರಿ 6,400 ರೂಪಾಯಿ ಆಯಿತು. ಹೊಸ ಫಿಲ್ಟರ್ ಮೇಲೆ ತಾರೀಖು, ಕಿ.ಮೀ. ಎರಡನ್ನೂ ಮಾರ್ಕರ್‌ನಲ್ಲಿ ಬರೆದಿದ್ದೇನೆ.

ಇವತ್ತು ಬೆಳಿಗ್ಗೆ 13 ಡಿಗ್ರಿ. ಲೈಟ್ 1 ಸೆಕೆಂಡ್, ಸದ್ದು ಸುಮಾರು 1.